ಅರ್ಧ ಹದ್ದಿನ ನಾಡಿನಲ್ಲಿ

ನೆದರ್‌ಲ್ಯಾಂಡ್ಸ್‌ನ ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ನಾವು ಉಳಿದುಕೊಂಡದ್ದು ಲೇವಾರ್ಡನ್ ನಗರಕ್ಕೆ ಹತ್ತಿರದ ಒಂದು ಹಳೆಯ ರೈತರ ಮನೆಯಲ್ಲಿ. ಅದರ ಅಡುಗೆಮನೆಯ ಬಾಗಿಲ ಮೇಲೆ ಕುಲಲಾಂಛನದ ಹಲಗೆಯೊಂದು ತೂಗುತ್ತಿತ್ತು. ಗುರಾಣಿಯ ಎಡಭಾಗದಲ್ಲಿ ಚಿನ್ನದ ಬಣ್ಣದ ಮೇಲೆ ಕಪ್ಪು ಹದ್ದಿನ ಅರ್ಧ ಮೈ, ಬಲಭಾಗದಲ್ಲಿ ಮೂರು ಹಸಿರು ಕ್ಲೋವರ್ ಎಲೆಗಳು. ಹದ್ದಿಗೆ ಒಂದೇ ರೆಕ್ಕೆ, ಒಂದೇ ಕಾಲು. ಉಳಿದುದನ್ನು ನಡುಗೆರೆ ನುಂಗಿತ್ತು. ಚಿತ್ರಕಾರ ಕೆಲಸವನ್ನು ಅರ್ಧಕ್ಕೇ ಬಿಟ್ಟಿರಬೇಕೆಂದು ನಾನು ಭಾವಿಸಿದೆ. ಮನೆಯ ಯಜಮಾನರು ನಕ್ಕು, ಗುರಾಣಿಯ ಎಡಬಲಗಳನ್ನು ಅದನ್ನು ಹಿಡಿದು ನಿಂತವನ ಕಡೆಯಿಂದ ಎಣಿಸಬೇಕು, ಹಾಗಾಗಿ ಹದ್ದು ಇರುವುದು ಹೆಚ್ಚು ಗೌರವದ ಬಲಗಡೆಯಲ್ಲಿ ಎಂದು ತಿಳಿಸಿದರು.

ಈ ಅರ್ಧ ಹದ್ದು ಅವರೊಬ್ಬರದೇ ಅಲ್ಲ. ಸ್ವಂತ ಭೂಮಿಯಿದ್ದ ಎಷ್ಟೋ ಫ್ರೀಸಿಯನ್ ರೈತ ಮನೆತನಗಳ ಗುರಾಣಿಗಳಲ್ಲಿ ಅದು ಕಾಣುತ್ತದೆ. ರೋಮ್ ನಗರವನ್ನು ಗೆಲ್ಲಲು ನೆರವಾದ ಫ್ರೀಸಿಯನ್ನರಿಗೆ ಚಕ್ರವರ್ತಿ ಶಾರ್ಲ್‌ಮೇನ್ ಸ್ವಾತಂತ್ರ್ಯ ಕೊಟ್ಟನೆಂಬ ಐತಿಹ್ಯವಿದ್ದು, ಈ ಹದ್ದು ಆ ಸಾಮ್ರಾಜ್ಯದ್ದೇ ಎಂದು ಜನ ಹೇಳುತ್ತಾರೆ. ಆ ಸ್ವಾತಂತ್ರ್ಯ ಕೊಟ್ಟಿದ್ದಕ್ಕೆ ಆಧಾರವೆನ್ನುವ, ಶಾರ್ಲ್‌ಮೇನ್ ಹೆಸರಿನ ಶಾಸನ ನಕಲಿ. ಆದರೆ ಊಳಿಗಮಾನ್ಯ ಒಡೆಯರಿಲ್ಲದೆ ರೈತರು ಶತಮಾನಗಳ ಕಾಲ ಇಲ್ಲಿ ಬಾಳಿದ್ದು ನಿಜ. 1417ರಲ್ಲಿ ಜರ್ಮನ್ ದೊರೆ ಸಿಗಿಸ್ಮಂಡ್ ಆ ಸ್ವಾತಂತ್ರ್ಯವನ್ನು ಅಧಿಕೃತವಾಗಿ ಒಪ್ಪಿಕೊಂಡ, 1498ರಲ್ಲಿ ಸ್ಯಾಕ್ಸನಿಯ ಆಲ್ಬ್ರೆಕ್ಟ್ ಆಳಲು ಬಂದಾಗ ಅದು ಮುಗಿಯಿತು. ಆ ಪ್ರವಾಸದಲ್ಲಿ ನಾವು ನೋಡಿದ, ಹದ್ದು ಕೆತ್ತಿದ ಕಲ್ಲುಗಳೆಲ್ಲ ಅದರ ನಂತರದವು ಎಂಬುದು ನನಗೆ ಅರ್ಥಪೂರ್ಣವಾಗಿ ಕಂಡಿತು.

ಕ್ಲೋವರ್ ಎಲೆಗೆ ಇಷ್ಟು ಇತಿಹಾಸ ಬೇಕಿಲ್ಲ. ಕಿಟಕಿಯಾಚೆ ದನಗಳು ಮೇಯುತ್ತಿದ್ದ ಹುಲ್ಲುಗಾವಲಿನಲ್ಲೇ ಅದು ಬೆಳೆದಿತ್ತು. ಗುರಾಣಿಯಲ್ಲಿ ಅದು ರೈತಾಪಿಯ ಗುರುತು. ಓಕ್ ಮರದ ಕಾಯಿ, ಗುಲಾಬಿ, ನಕ್ಷತ್ರಗಳೂ ಇಲ್ಲಿ ಬಳಕೆಯಲ್ಲಿವೆ. ಡಚ್ಚರ ನಾಡಿನಲ್ಲಿ ಲಾಂಛನ ಧರಿಸಲು ಶ್ರೀಮಂತ ಪದವಿಯಾಗಲಿ ರಾಜನ ಅಪ್ಪಣೆಯಾಗಲಿ ಬೇಕಿರಲಿಲ್ಲ. ನೆಪೋಲಿಯನ್ 1811ರಲ್ಲಿ ಕುಲನಾಮವನ್ನು ಕಡ್ಡಾಯ ಮಾಡುವ ಮುನ್ನ ತಂದೆಯ ಹೆಸರಷ್ಟನ್ನೇ ಸೇರಿಸಿಕೊಳ್ಳುತ್ತಿದ್ದ ಮನೆತನಗಳಲ್ಲೂ ಲಾಂಛನಗಳಿದ್ದವು. ಆದ್ದರಿಂದ ಕುಲನಾಮ ನೋಡಿ ಲಾಂಛನ ಮಾರುವ ಅಂಗಡಿಗಳನ್ನು ನಂಬಲಾಗದು: ಲಾಂಛನ ವಂಶಕ್ಕೆ ಸೇರಿದ್ದೇ ಹೊರತು ಹೆಸರಿಗಲ್ಲ.

ಮರುದಿನ ಯಜಮಾನರು ನಮ್ಮನ್ನು ಫ್ರಾನೆಕರ್ ಕಡೆಯ ಒಂದು ಹಳ್ಳಿಗೆ ಕರೆದೊಯ್ದರು. ಸಮುದ್ರದ ನೀರಿನಿಂದ ಪಾರಾಗಲು ಪೂರ್ವಜರು ಮಣ್ಣು ಪೇರಿಸಿ ಕಟ್ಟಿದ ದಿಬ್ಬದ ಮೇಲೆ ಚರ್ಚಿತ್ತು. ಬೀಗದ ಕೈ ಪಕ್ಕದ ಮನೆಯವರ ಬಳಿ ಸಿಕ್ಕಿತು. ಒಳಗೆ ನೆಲವಿಡೀ ಸಮಾಧಿಯ ಚಪ್ಪಡಿಗಳು. ಅಂಚಿನ ಬರಹ, ಮೂಲೆಯ ಹೂಬಳ್ಳಿ ಎಲ್ಲವೂ ಸ್ಪಷ್ಟವಾಗಿದ್ದವು, ನಡುವಿನ ಗುರಾಣಿ ಮಾತ್ರ ಬೋಳು. ಸಮಾನತೆಯ ಹೆಸರಿನಲ್ಲಿ 1795ರಲ್ಲಿ ಫ್ರೆಂಚ್ ಸೈನ್ಯದ ಬೆಂಬಲದಿಂದ ಅಧಿಕಾರ ಹಿಡಿದ ಡಚ್ ಕ್ರಾಂತಿಕಾರರು ಮನೆತನದ ಚಿಹ್ನೆಗಳನ್ನು ಫ್ರೀಸ್‌ಲ್ಯಾಂಡ್‌ನ ಚರ್ಚುಗಳಿಂದ ಕೆತ್ತಿ ತೆಗೆಸಿದ್ದರು. ಲೇವಾರ್ಡನ್‌ನ ಚರ್ಚಿನಲ್ಲಿದ್ದ ಪ್ರಾಂತ್ಯವನ್ನು ಆಳಿದ ನಸ್ಸಾವ್ ವಂಶದ ಸಮಾಧಿಗಳನ್ನೂ ಅವರು ಬಿಡಲಿಲ್ಲ. ಒಡೆಯನಿಲ್ಲದ ರೈತನ ಗುರುತಿಗೂ ಅದೇ ಗತಿಯಾಯಿತಲ್ಲ ಎಂದುಕೊಂಡೆ.

ಯಜಮಾನರು ಮಂಡಿಯೂರಿ ಟಾರ್ಚನ್ನು ಒಂದು ಚಪ್ಪಡಿಗೆ ಓರೆಯಾಗಿ ಹಿಡಿದರು. ಓರೆಯಾಗಿ ಎಳೆದ ಉಳಿಯ ಗೀರುಗಳು ಎದ್ದು ಕಂಡವು, ಅವುಗಳ ಅಡಿಯಲ್ಲಿ ಕಲ್ಲುಕುಟಿಗನ ಕೈತಪ್ಪಿ ಉಳಿದಿದ್ದ ಹದ್ದಿನ ಮೂರು ಉಗುರುಗಳೂ ಕಂಡವು.