ಶುಭ ಶುಕ್ರವಾರದ ಇಯರ್‌ಫೋನು

ನಮ್ಮಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಗಳವಾರ, ಶುಕ್ರವಾರ. ಒಂದು ಸಲಕ್ಕೆ ನಾಲ್ಕು ಗಂಟೆ. ಅಪ್ಪ ಒಳಗೆ, ನಾನು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ. ಕಳೆದ ವರ್ಷ ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ, ಶುರುವಾದಾಗ ನಾನೊಂದು ಹರಕೆ ಹೊತ್ತೆ. ಈಸ್ಟರ್ ಬರುವ ತನಕ ಇಯರ್‌ಫೋನ್ ಮುಟ್ಟುವುದಿಲ್ಲ, ರಾಕ್ ಕೇಳುವುದಿಲ್ಲ. ಬೇರೆಯವರು ಮಾಂಸ ಬಿಡುತ್ತಾರೆ, ಸಿಹಿ ಬಿಡುತ್ತಾರೆ. ನನಗೆ ಬಿಡಲು ಕಷ್ಟವಾಗುವುದು ಅದೊಂದೇ. ಆ ನಾಲ್ಕು ಗಂಟೆ ಸುಮ್ಮನೆ ಕೂತು ಪ್ರಾರ್ಥನೆ ಮಾಡೋಣ ಅಂದುಕೊಂಡಿದ್ದೆ.

ಮೂರು ವಾರ ಹರಕೆ ನಡೆಯಿತು. ಪ್ರಾರ್ಥನೆ ಮಾತ್ರ ನಡೆಯಲಿಲ್ಲ. ಕಣ್ಣು ಮುಚ್ಚಿದರೆ ಚಿಕ್ಕಂದಿನಿಂದ ಬಾಯಿಪಾಠವಾದ ಮಾತುಗಳೇ ಬರುತ್ತಿದ್ದವು. ನಿನ್ನ ಚಿತ್ತದಂತೆ ಆಗಲಿ ಎಂದು ಬಾಯಿ ಹೇಳುತ್ತಿತ್ತು, ಹೊಟ್ಟೆಯೊಳಗೆ ಬೇರೇನೋ ಕುದಿಯುತ್ತಿತ್ತು. ನಾಲ್ಕನೇ ವಾರ ಅಪ್ಪನ ಎಡಗೈಯ ಫಿಸ್ಟುಲಾ, ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿ ಮಾಡಿದ್ದು, ಕೆಲಸ ನಿಲ್ಲಿಸಿತು. ಕುತ್ತಿಗೆಗೆ ಕ್ಯಾತಿಟರ್ ಕೊಳವೆ ಹಾಕಿದರು. ಆವತ್ತು ಹರಕೆ ಮುರಿದೆ.

ಹಾಕಿಕೊಂಡದ್ದು ಯೂಟೂ ಎಂಬ ಐರಿಷ್ ರಾಕ್ ತಂಡದ ‘ಫಾರ್ಟಿ’. 1983ರ ‘ವಾರ್’ ಆಲ್ಬಮ್ಮಿನ ಕೊನೆಯ ಹಾಡು. ಈ ಡಬ್ಲಿನ್ನಿನವರನ್ನು ಕ್ರಿಶ್ಚಿಯನ್ ರಾಕ್ ಅನ್ನಬಹುದಾ ಎಂದು ಜನ ಈಗಲೂ ಜಗಳ ಆಡುತ್ತಾರೆ. ಅವರೇನೂ ಹಾಗಂತ ಬೋರ್ಡ್ ಹಾಕಿಕೊಂಡಿಲ್ಲ. ಇರಲಿ. ಹಾಡು ಎತ್ತಿಕೊಂಡಿರುವುದು ಮಾತ್ರ ಬೈಬಲ್ಲಿನ ನಲವತ್ತನೇ ಕೀರ್ತನೆಯನ್ನು.

ಆ ಕೀರ್ತನೆಯ ಮೊದಲ ಸಾಲಿನಲ್ಲಿ ಇಂಗ್ಲಿಷ್ ಬೈಬಲ್ಲು, ತಾಳ್ಮೆಯಿಂದ ಕಾದೆ ಅನ್ನುತ್ತದೆ. ಮೂಲ ಹೀಬ್ರೂನಲ್ಲಿ ತಾಳ್ಮೆ ಅನ್ನುವ ಪದವೇ ಇಲ್ಲ. ಕಾಯುವುದು ಎಂಬ ಒಂದೇ ಕ್ರಿಯಾಪದ ಎರಡು ಸಲ ಬರುತ್ತದೆ, ಅಷ್ಟೆ. ಬಸ್‌ಸ್ಟಾಪಿನಲ್ಲಿ ನಿಂತು ‘ಕಾದೂ ಕಾದೂ ಸಾಕಾಯ್ತು’ ಅನ್ನುತ್ತೇವಲ್ಲ, ಹಾಗೆ. ಈ ಸಾಲಿಗೆ ಕನ್ನಡವೇ ಚೆನ್ನ. ಕೆಸರಿನಿಂದ ಎತ್ತಿ ಬಂಡೆಯ ಮೇಲೆ ನಿಲ್ಲಿಸಿದ, ಬಾಯಲ್ಲಿ ಹೊಸ ಹಾಡು ಇಟ್ಟ ಎಂದು ದೇವರನ್ನು ಕೊಂಡಾಡಿ ಶುರುವಾಗುವ ಕೀರ್ತನೆ ಅದು. ಆದರೆ ಹದಿನೇಳನೇ ವಚನಕ್ಕೆ ಬರುವ ಹೊತ್ತಿಗೆ, ದೇವರೇ ತಡಮಾಡಬೇಡ ಎಂದು ಮುಗಿಯುತ್ತದೆ. ಬಂಡೆಯ ಮೇಲೆ ನಿಂತವನು ಮತ್ತೆ ಕಾಯುತ್ತಿದ್ದಾನೆ! ಹಾಡಿನವರು ಅಲ್ಲಿಯವರೆಗೆ ಹೋಗಿಲ್ಲ. ಬದಲಿಗೆ ಆರನೇ ಕೀರ್ತನೆಯ ‘ಎಷ್ಟರ ತನಕ?’ ಅನ್ನುವ ಕೂಗನ್ನು ತಂದು ಸೇರಿಸಿದ್ದಾರೆ. 80ರ ದಶಕದಲ್ಲಿ ಅವರ ಎಷ್ಟೋ ಕಾರ್ಯಕ್ರಮಗಳು ಇದರಲ್ಲೇ ಮುಗಿಯುತ್ತಿದ್ದವು. ಒಬ್ಬೊಬ್ಬರಾಗಿ ವೇದಿಕೆ ಬಿಟ್ಟು ಹೋಗುತ್ತಿದ್ದರು, ಕೊನೆಗೆ ಡ್ರಮ್ ಬಾರಿಸುವವನೂ. ಜನ ಮಾತ್ರ ಅದೇ ಸಾಲನ್ನು ಹಾಡುತ್ತಲೇ ಇರುತ್ತಿದ್ದರು.

ನಾನು ಜೋರಾಗಿಯೇ ಹಾಡಿಬಿಟ್ಟಿದ್ದೆ ಅಂತ ಕಾಣುತ್ತದೆ. ಪಕ್ಕದ ಕುರ್ಚಿಯ ಅಜ್ಜಿ ತಿರುಗಿ ನೋಡಿದರು. ಮೂರು ವಾರದಲ್ಲಿ ನಾನು ದೇವರಿಗೆ ನಿಜ ಹೇಳಿದ್ದು ಅದೇ ಮೊದಲು.

ಬೈಬಲ್ಲಿನ 150 ಕೀರ್ತನೆಗಳಲ್ಲಿ ಗೋಳು, ದೂರು, ಸಿಟ್ಟು ಎಷ್ಟೊಂದಿದೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ. ಭಾನುವಾರದ ಆರಾಧನೆಯಲ್ಲಿ ನಾವು ಅದನ್ನು ಹಾಡುವುದೇ ಅಪರೂಪ. ಹಾಗಂತ ಕ್ರಿಶ್ಚಿಯನ್ ರಾಕ್ ಅಂತ ಚೀಟಿ ಅಂಟಿಸಿದ್ದೆಲ್ಲ ಒಳ್ಳೆಯದು ಅಂತಲ್ಲ. ಅದರಲ್ಲೂ ಬರೀ ಸಂತೋಷ, ಬರೀ ಜಯ, ಅದೇ ನಾಲ್ಕು ಸ್ವರ ಇರುವ ಹಾಡುಗಳೇ ಜಾಸ್ತಿ. ಅವು ನನಗೆ ಬೇಡ. ಕೂಗುವ ಹಾಡು ಬೇಕು.

ಸ್ಟ್ರೈಪರ್ ಅಂತ ಕ್ಯಾಲಿಫೋರ್ನಿಯಾದ ಒಂದು ತಂಡ ಇದೆ. ಹಳದಿ ಕಪ್ಪು ಪಟ್ಟೆಪಟ್ಟೆ ಬಟ್ಟೆ, ಪಟ್ಟೆಪಟ್ಟೆ ಗಿಟಾರು, ಹೆಂಗಸರನ್ನೂ ಮೀರಿಸುವ ಕೂದಲು. ವೇದಿಕೆಯಿಂದ ಜನರ ಕಡೆಗೆ ಹೊಸ ಒಡಂಬಡಿಕೆಯ ಪುಸ್ತಕ ಎಸೆಯುತ್ತಿದ್ದರು. ಕಾಲೇಜಿನಲ್ಲಿದ್ದಾಗ ಅವರ ವಿಡಿಯೋ ನೋಡಿ ಬಿದ್ದು ಬಿದ್ದು ನಕ್ಕಿದ್ದೆ. ಅವರ ಹೆಸರಿನ ಜೊತೆ ಯೆಶಾಯ 53:5 ಅಂತ, ಬೈಬಲ್ಲಿನ ಒಂದು ವಚನದ ಗುರುತು, ಇರುತ್ತಿತ್ತು. ಆ ವರ್ಷದ ಶುಭ ಶುಕ್ರವಾರ ಧಾರವಾಡದ ಚರ್ಚಿನಲ್ಲಿ ಅಪ್ಪ ಅದೇ ಅಧ್ಯಾಯ ಓದಿದರು. ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು. ಹಳೆಯ ಇಂಗ್ಲಿಷ್ ಬೈಬಲ್ಲಿನಲ್ಲಿ ಬಾಸುಂಡೆಗೆ ‘ಸ್ಟ್ರೈಪ್ಸ್’ ಅಂತಿದೆ, ಪಟ್ಟೆಗೂ ಅದೇ ಪದ. ಆ ಪಟ್ಟೆ ಬಾಸುಂಡೆ ಅಂತ ಆಗ ಹೊಳೆಯಿತು. ಚಾಟಿ ಏಟು ಬಿದ್ದ ಬೆನ್ನನ್ನೇ ಆ ಹುಡುಗರು ಬಟ್ಟೆ ಮಾಡಿ ತೊಟ್ಟಿದ್ದರು. ಆಮೇಲೆ ನಗು ಬರಲಿಲ್ಲ. ಕೂದಲಿಗೆ ಮಾತ್ರ ಈಗಲೂ ಬರುತ್ತದೆ.

ಅಪ್ಪನಿಗೆ ಇದೆಲ್ಲ ಗದ್ದಲ. ಅವರು ಬೆಳೆದದ್ದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಹಾಡುಗಳಲ್ಲಿ, ಹಾರ್ಮೋನಿಯಂ ಜೊತೆ. ‘ಆ ರಾಗಗಳೂ ಹಡಗು ಹತ್ತಿ ಬಂದವೇ ಅಲ್ವಾ?’ ಎಂದು ನಾನು ಕೆಣಕುತ್ತಿದ್ದೆ. ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲೊಬ್ಬರಾದ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದು ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೆ ಕೂರಿಸಿದರು. ಆಗಲೂ ಯಾರೋ ಒಬ್ಬ ಅಪ್ಪ ಮೂಗು ಮುರಿದಿರಬಹುದು.

ಶುಭ ಶುಕ್ರವಾರ ಬಂತು. ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಯ ಆರಾಧನೆ, ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳು. ಅಪ್ಪ ಅದನ್ನು ತಪ್ಪಿಸಿದವರೇ ಅಲ್ಲ. ಆದರೆ ಮೆಷೀನಿನ ಸರದಿಯೂ ಹನ್ನೆರಡಕ್ಕೇ. ನರ್ಸಮ್ಮ ಆವತ್ತು ನನ್ನನ್ನೂ ಒಳಗೆ ಬಿಟ್ಟರು. ಅಪ್ಪನ ಎಡಗೈಯಲ್ಲಿ ಹಳೆಯ ಸೂಜಿ ಗುರುತುಗಳು ಸಾಲಾಗಿ ಎದ್ದು ನಿಂತಿದ್ದವು. ನಾನು ಮತ್ತಾಯನ ಸುವಾರ್ತೆ ಮೆಲ್ಲಗೆ ಓದಿದೆ. ನಾಲ್ಕನೇ ಮಾತಿಗೆ ಬಂದೆ. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ.

‘ಮೆಲ್ಲಕ ಓದಬ್ಯಾಡ. ಆತ ಕೂಗಿದ್ದು,’ ಅಂದರು ಅಪ್ಪ.

ನಿಜ. ಯೇಸು ದೊಡ್ಡ ದನಿಯಲ್ಲಿ ಕೂಗಿದ ಎಂದೇ ಮತ್ತಾಯ ಬರೆದಿದ್ದಾನೆ. ಆ ಕೂಗೂ ಒಂದು ಹಾಡಿನ ಸಾಲೇ, ಇಪ್ಪತ್ತೆರಡನೇ ಕೀರ್ತನೆಯ ಮೊದಲ ಸಾಲು. ವಾರ್ಡಿನಲ್ಲಿ ಇನ್ನೂ ಐದು ಜನ ಮಲಗಿದ್ದರು. ಕೂಗಿ ಓದುವುದು ಹೇಗೆ? ಒಂದು ಇಯರ್‌ಫೋನ್ ಅಪ್ಪನ ಕಿವಿಗೆ ಇಟ್ಟೆ, ಇನ್ನೊಂದು ನನಗೆ.

ಅಪ್ಪ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. ‘ಇದು ನಲವತ್ತನೇ ಕೀರ್ತನಿ ಅಲ್ಲೇನು?’

‘ಹೌದು.’

‘ಪೂರಾ ಹಾಡಿಲ್ಲಲ್ಲ.’

‘ಇಲ್ಲ.’

‘ಆ ಡ್ರಮ್ ಒಂದೀಟು ಸಣ್ಣ ಮಾಡು.’

ಡ್ರಮ್ ಒಂದನ್ನೇ ಸಣ್ಣ ಮಾಡಲು ಆಗುವುದಿಲ್ಲ ಎಂದು ನಾನು ಹೇಳಲಿಲ್ಲ. ಹಾಡನ್ನೇ ಸ್ವಲ್ಪ ತಗ್ಗಿಸಿದೆ. ಮುಗಿದ ಮೇಲೆ ಅವರು ಬೆರಳಾಡಿಸಿ ಇನ್ನೊಮ್ಮೆ ಅಂದರು. ಗೋಡೆಯ ಗಡಿಯಾರ ಮೂರು ತೋರಿಸುತ್ತಿತ್ತು. ಚರ್ಚಿನಲ್ಲಿ ಜನ ಎದ್ದು ಮನೆಗೆ ಹೊರಡುವ ಹೊತ್ತು. ನಮಗೆ ಇನ್ನೂ ಒಂದು ಗಂಟೆ ಇತ್ತು.