ಬೊಲಿಬಾರ್: ಒಂದು ದೇಶಕ್ಕೆ ಹೆಸರು ಕೊಟ್ಟ ಹಳ್ಳಿ

ಬಿಲ್ಬಾವೊದಿಂದ ಹೊರಟ ಬಸ್ಸು ಮಾರ್ಕಿನಾ ಮುಟ್ಟುವಷ್ಟರಲ್ಲಿ ಮಳೆ ಹನಿಯತೊಡಗಿತ್ತು. ಸ್ಪೇನಿನ ಉತ್ತರಕ್ಕಿರುವ ಈ ಬಾಸ್ಕ್ ಸೀಮೆಯಲ್ಲಿ ಜಿಟಿಜಿಟಿ ಮಳೆಗೆ ‘ಶಿರಿಮಿರಿ’ ಎನ್ನುತ್ತಾರೆ. ಆ ಮಾತು ಕೇಳಿದ ಮೇಲೆ ಕೊಡೆ ಬಿಚ್ಚುವ ಮನಸ್ಸೇ ಆಗಲಿಲ್ಲ. ಸ್ಪೇನಿನ ಪಶ್ಚಿಮದ ಸಾಂತಿಯಾಗೊ ಚರ್ಚಿಗೆ ನಡೆದು ಹೋಗುವ ಕ್ರೈಸ್ತ ಯಾತ್ರಿಕರ ಉತ್ತರದ ದಾರಿ ಇಲ್ಲಿಂದಲೇ ಹಾಯುತ್ತದೆ. ಆರ್ತಿಬಾಯ್ ಹೊಳೆಯ ಮಗ್ಗುಲಲ್ಲಿ ಹಳದಿ ಬಾಣದ ಗುರುತು ನೋಡುತ್ತ ನಡೆದರೆ ಆರು ಕಿಲೋಮೀಟರಿನೊಳಗೇ ಬೊಲಿಬಾರ್.

ನಾನು ಯಾತ್ರೆಗೆ ಬಂದವನಲ್ಲ, ಒಂದು ಹೆಸರಿನ ಬೇರು ಹುಡುಕಿ ಬಂದವನು. ನಮ್ಮ ಶಾಲೆಯ ಗೋಡೆಗೆ ತೂಗುಹಾಕಿದ್ದ ಭೂಪಟದಲ್ಲಿ, ದಕ್ಷಿಣ ಅಮೆರಿಕದ ನಡುವೆ, ಎಲ್ಲಿಯೂ ಸಮುದ್ರಕ್ಕೆ ತಾಗದೆ ಕೂತಿದ್ದ ಬೊಲಿವಿಯಾ ಅಂದಿನಿಂದಲೂ ತಲೆಯಲ್ಲಿ ಉಳಿದಿತ್ತು. ಸಿಮೋನ್ ಬೊಲಿವಾರ್ ಎಂಬ ಒಬ್ಬ ಮನುಷ್ಯನ ಅಡ್ಡಹೆಸರಿನಿಂದ ಹುಟ್ಟಿದ ದೇಶ ಅದು. ಆ ಅಡ್ಡಹೆಸರು ಹುಟ್ಟಿದ್ದು ಈ ಹಳ್ಳಿಯಲ್ಲಿ.

ಊರು ಪುಟ್ಟದು. ಸಂತ ತೋಮಾಸನ ಕಲ್ಲಿನ ಚರ್ಚು, ಒಂದು ಚೌಕ, ಸುತ್ತ ಹಸಿರು ಗುಡ್ಡ. ಕಮ್ಮಾರನ ಮನೆ ಎಂಬ ಅರ್ಥದ ‘ಎರ್ರೆಮೆಂತಾರಿಕುವಾ’ ಎಂಬ ಹಳೆಯ ತೋಟದ ಮನೆಯನ್ನು 1983ರಲ್ಲಿ, ಸಿಮೋನ್ ಬೊಲಿವಾರನ ಇನ್ನೂರನೆಯ ಹುಟ್ಟುಹಬ್ಬದ ವರ್ಷ, ಸಂಗ್ರಹಾಲಯ ಮಾಡಿದ್ದಾರೆ. ಅಲ್ಲಿದ್ದ ಹೆಣ್ಣುಮಗಳು ಊರಿನ ಲಾಂಛನ ತೋರಿಸಿದಳು. ಅದರ ಮೇಲೆ ಕತ್ತಿಯಿಲ್ಲ, ಕಿರೀಟವಿಲ್ಲ. ನಡುವೆ ತೂತಿರುವ ದುಂಡನೆಯ ಬೀಸುಗಲ್ಲು.

ಬಾಸ್ಕ್ ನುಡಿಯಲ್ಲಿ ‘ಬೊಲು’ ಅಂದರೆ ಗಿರಣಿ, ನೀರಿನ ಬಲದಿಂದ ತಿರುಗುವಂಥದ್ದು. ‘ಇಬಾರ್’ ಅಂದರೆ ಕಣಿವೆ, ಹೊಳೆದಂಡೆಯ ಬಯಲು. ಎರಡೂ ಕೂಡಿ ಬೊಲಿಬಾರ್, ಗಿರಣಿಯ ಕಣಿವೆ. ಸ್ಪ್ಯಾನಿಷ್ ಬರಹದಲ್ಲಿ ‘ಬಾ’ ಹೋಗಿ ‘ವಾ’ ಬಂತು. ಬಾಯಲ್ಲಿ ಮಾತ್ರ ಈಗಲೂ ‘ಬಾ’ ಎಂದೇ ಉಳಿದಿದೆ.

ಈ ಊರಿನ ಸಿಮೋನ್ ಎಂಬುವನೊಬ್ಬ ಸಮುದ್ರ ದಾಟಿ ಕೆರಿಬಿಯನ್ನಿನ ಸಾಂತೊ ದೊಮಿಂಗೊ ಸೇರಿ, ಅಲ್ಲಿಂದ 1589ರಲ್ಲಿ ಇಂದಿನ ವೆನೆಜುವೆಲಾದ ಕರಾಕಸ್‌ಗೆ ಹೋದ. ಅವನ ವಂಶದಲ್ಲಿ, ಅದೇ ಕರಾಕಸ್‌ನಲ್ಲಿ, 1783ರ ಜುಲೈ 24ರಂದು ಹುಟ್ಟಿದವನು ಸ್ಪೇನಿನ ಆಳ್ವಿಕೆಯನ್ನೇ ಕಿತ್ತೆಸೆದ ಸಿಮೋನ್ ಬೊಲಿವಾರ್. 1825ರ ಆಗಸ್ಟ್ 6ರಂದು, ಅಲ್ಲಿಯವರೆಗೆ ಮೇಲಿನ ಪೆರು ಎನಿಸಿಕೊಂಡಿದ್ದ ನಾಡು ಸ್ವತಂತ್ರವಾಯಿತು. ಮೊದಲು ಅದಕ್ಕಿಟ್ಟ ಹೆಸರು ಬೊಲಿವಾರ್ ಗಣರಾಜ್ಯ. ‘ರೋಮುಲಸ್‌ನಿಂದ ರೋಮ್ ಆಗುವುದಾದರೆ ಬೊಲಿವಾರ್‌ನಿಂದ ಬೊಲಿವಿಯಾ’ ಎಂದು ಮಾನುಯೆಲ್ ಮಾರ್ತಿನ್ ಕ್ರೂಸ್ ಎಂಬ ಪ್ರತಿನಿಧಿ ಹೇಳಿದನಂತೆ. ಅದೇ ಅಕ್ಟೋಬರಿನಲ್ಲಿ ಆ ಹೆಸರೇ ನಿಂತಿತು. ಸ್ಪೇನನ್ನು ಸೋಲಿಸಿ ಹುಟ್ಟಿದ ದೇಶದ ಹೆಸರಿನೊಳಗೆ ಸ್ಪೇನಿನದೇ ಒಂದು ಹಳ್ಳಿಯ ಗಿರಣಿ ಕೂತಿದೆ! ಬೀಸುಗಲ್ಲಿನ ಆ ಲಾಂಛನದ ಮುಂದೆ ನಾನು ಬಹಳ ಹೊತ್ತು ನಿಂತುಬಿಟ್ಟೆ.

ಬಾಸ್ಕರ ಅಡ್ಡಹೆಸರುಗಳೇ ಹೀಗೆ. ಹೆಚ್ಚಿನವು ಮನೆಯ, ಜಾಗದ ಗುರುತು. ಮೆಂದೋಸಾ ಅಂದರೆ ತಣ್ಣನೆಯ ಗುಡ್ಡ. ಗೊಯ್ಕೊಎಚೆಯಾ ಅಂದರೆ ಮೇಲಿನಮನೆ. ಎಚೆಬೆರ್ರಿಯಾ ಅಂದರೆ ಏನು ಎಂದು ಸಂಗ್ರಹಾಲಯದ ಆ ಹೆಣ್ಣುಮಗಳನ್ನು ಕೇಳಿದೆ. “ಎಚೆ ಅಂದರೆ ಮನೆ, ಬೆರ್ರಿ ಅಂದರೆ ಹೊಸದು” ಎಂದಳು.

ಅವಳ ಮುಂದೆ ನನ್ನ ಪಾಸ್‌ಪೋರ್ಟ್ ತೆರೆದಿಟ್ಟು ನನ್ನ ಅಡ್ಡಹೆಸರಿನ ಮೇಲೆ ಬೆರಳಿಟ್ಟೆ. ಹೊಸಮನಿ. ಅರ್ಥ ಹೇಳುತ್ತಿದ್ದಂತೆ ಅವಳು ಕುರ್ಚಿಯಿಂದ ಎದ್ದೇ ನಿಂತಳು. ನಮ್ಮ ಧಾರವಾಡದ ಕಡೆ ಮನೆಗೊಂದು ಅಡ್ಡಹೆಸರು, ಅದರಲ್ಲಿ ಅರ್ಧ ಊರಿನವು, ಮನೆಯವು ಎಂದು ಹೇಳಿದೆ. ಗೋವೆಯ ಬೊಮ್ ಜೀಸಸ್ ಬಸಿಲಿಕಾದಲ್ಲಿರುವ ಸಂತ ಫ್ರಾನ್ಸಿಸ್ ಝೇವಿಯರ್‌ನ ಹೆಸರೂ ಈ ಎಚೆಬೆರ್ರಿಯೇ, ನವಾರ್ರಾದ ಹಾವಿಯೆರ್ ಕೋಟೆಯಿಂದ ಬಂದದ್ದು ಎಂದು ಅವಳು ವಿವರಿಸಿದಳು. ಮಂಗಳೂರಿನಲ್ಲಿ ನನ್ನ ಜೊತೆ ಓದಿದ ಝೇವಿಯರ್ ನೆನಪಾದ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತೆವು, ನಮ್ಮಿಬ್ಬರದೂ ಒಂದೇ ಹೆಸರೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಕಲ್ಲುಹಾಸಿನ ಹಳೆಯ ದಾರಿಯಲ್ಲಿ ಸೆನಾರ್ರುಸಾ ಮಠಕ್ಕೆ ಏರಿದೆ. ಕಲ್ಲುಗಳು ಮಳೆಗೆ ನುಣ್ಣಗಾಗಿ ಜಾರುತ್ತಿದ್ದವು. ಹದ್ದೊಂದು ತಲೆಬುರುಡೆ ಕಚ್ಚಿ ತಂದು ಇಲ್ಲಿ ಬೀಳಿಸಿತು, ಅಲ್ಲೇ ಚರ್ಚು ಕಟ್ಟಿದರು ಎಂಬುದು ಸ್ಥಳಪುರಾಣ. ಸನ್ಯಾಸಿಯೊಬ್ಬರು ಯಾತ್ರಿಕರ ದಪ್ಪ ಪುಸ್ತಕ ಮುಂದಿಟ್ಟರು. ಹೆಸರು, ಅಡ್ಡಹೆಸರು, ದೇಶ. ನನಗಿಂತ ಎರಡು ಸಾಲು ಮೇಲೆ ಯಾರೋ ದೇಶದ ಕಾಲಮ್ಮಿನಲ್ಲಿ ಬೊಲಿವಿಯಾ ಎಂದು ಬರೆದು ಹೋಗಿದ್ದರು. ಅವರೂ ಬೆಳಿಗ್ಗೆ ಆ ಬೀಸುಗಲ್ಲು ನೋಡಿರಬೇಕು. ನಾನು ಪೆನ್ನು ತೆಗೆದುಕೊಂಡು ಕನ್ನಡದಲ್ಲೇ ‘ಹೊಸಮನಿ’ ಎಂದು ಬರೆದೆ.