ಕಪ್ಪು ಪಟ್ಟಿಗಳು ಹೇಳುವ ಸತ್ಯ: ಪ್ರೊಜೆಕ್ಷನ್ ಟಿವಿಯ ಬಗೆಗಳು ಮತ್ತು ಚಿತ್ರದ ಅಳತೆಗಳು

ಹಿಂದೆ ಪ್ರೊಜೆಕ್ಷನ್ ಟಿವಿಯನ್ನು, ಈಗ ಪ್ರೊಜೆಕ್ಟರನ್ನು ಕೊಳ್ಳಲು ಹೊರಟವರು ನನ್ನನ್ನು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಚಿತ್ರ ಮೂಡಿಸುವ ಮೂರು ತಂತ್ರಗಳಾದ ಎಲ್‌ಸಿಡಿ, ಡಿಎಲ್‌ಪಿ, ಎಲ್‌ಕಾಸ್‌ಗಳಲ್ಲಿ ಯಾವುದು ಒಳ್ಳೆಯದು ಎಂಬುದು ಒಂದು. ಪರದೆಯ ಅಗಲ ಎತ್ತರಗಳ ಅನುಪಾತ 16:9 ಇರಬೇಕೋ ಅದಕ್ಕಿಂತ ಅಗಲವಾಗಿರಬೇಕೋ ಎಂಬುದು ಇನ್ನೊಂದು. ಬೇರೆ ಬೇರೆ ಬಗೆಯ ಯಂತ್ರಗಳ ಮುಂದೆ ಎಷ್ಟೋ ವರ್ಷ ಕುಳಿತ ಮೇಲೆ, ಈ ಎರಡು ಪ್ರಶ್ನೆಗಳನ್ನು ಬಿಡಿಸಿ ಉತ್ತರಿಸಲು ಬರುವುದಿಲ್ಲವೆಂದು ನನಗೆ ಮನವರಿಕೆಯಾಗಿದೆ. ಚಿತ್ರದ ಆಕಾರ ಪರದೆಯ ಆಕಾರಕ್ಕೆ ಹೊಂದದಿದ್ದಾಗ ಮೇಲೆ ಕೆಳಗೆ ಅಥವಾ ಎಡಬಲಗಳಲ್ಲಿ ಕಪ್ಪು ಪಟ್ಟಿಗಳು ಉಳಿಯುತ್ತವೆಯಲ್ಲ, ಆ ಪಟ್ಟಿಗಳನ್ನು ಒಂದು ಯಂತ್ರ ಹೇಗೆ ತೋರಿಸುತ್ತದೆ ಎಂಬುದರಲ್ಲೇ ಅದರ ಗುಣದೋಷಗಳು ಬಯಲಾಗುತ್ತವೆ.

ಮೊದಲು ಆಕಾರದ ಲೆಕ್ಕ. ಹಳೆಯ ಟಿವಿಗಳ 4:3 ಅಳತೆ ಸಿನಿಮಾದ ಆರಂಭದ ದಿನಗಳಿಂದ ಬಂದದ್ದು. ಟಿವಿಗೆ ಪ್ರೇಕ್ಷಕರು ಒಲಿದಾಗ ಸಿನಿಮಾದವರು ತಮ್ಮ ಚಿತ್ರವನ್ನು ಅಗಲಿಸಿ 1.85:1, 2.35:1 ಎಂದು ಮುಂದೆ ಹೋದರು, 2.35 ಮುಂದೆ 2.39 ಆಯಿತು. ಈ ಎರಡು ಲೋಕಗಳ ನಡುವೆ 16:9 ಹುಟ್ಟಿದ್ದು 1980ರ ದಶಕದಲ್ಲಿ. ಸಿನಿಮಾ ಮತ್ತು ಟಿವಿ ಎಂಜಿನಿಯರುಗಳ ಸಂಘವಾದ ಎಸ್‌ಎಂಪಿಟಿಇಯ ಕರ್ನ್ಸ್ ಪವರ್ಸ್ ಅವರು ಚಾಲ್ತಿಯಲ್ಲಿದ್ದ ಎಲ್ಲ ಆಕಾರಗಳನ್ನೂ ಸಮಾನ ವಿಸ್ತೀರ್ಣದ ಆಯತಗಳಾಗಿ ಬರೆದು, ಒಂದರ ಮೇಲೊಂದಿಟ್ಟು ನೋಡಿದಾಗ, ಎಲ್ಲವನ್ನೂ ಒಳಗೊಳ್ಳುವ ಹೊರ ಆಯತಕ್ಕೂ ಎಲ್ಲಕ್ಕೂ ಸಾಮಾನ್ಯವಾದ ಒಳ ಆಯತಕ್ಕೂ ಸುಮಾರು 1.77ರ ಅನುಪಾತವೇ ದೊರೆಯಿತು. ಹೀಗಾಗಿ 16:9 ಒಂದು ರಾಜಿಯ ಆಕಾರ, ಮತ್ತು ಆ ರಾಜಿ ಬಹಳ ನ್ಯಾಯವಾದದ್ದು: 4:3 ಚಿತ್ರವನ್ನು ಇದರಲ್ಲಿ ಹಾಕಿದರೆ ಪರದೆಯ ಶೇಕಡಾ 25 ಭಾಗ ಖಾಲಿ ಉಳಿಯುತ್ತದೆ, 2.39ರ ಚಿತ್ರವನ್ನು ಹಾಕಿದರೂ ಶೇಕಡಾ 25ರ ಆಸುಪಾಸಿನಷ್ಟೇ ಖಾಲಿ. ಹಳೆಯ 4:3 ಪರದೆಯಲ್ಲಿ ಅದೇ ಅಗಲದ ಸಿನಿಮಾ ನೋಡಿದರೆ ಶೇಕಡಾ 44 ಭಾಗ ಕತ್ತಲೆಗೇ ಹೋಗುತ್ತಿತ್ತು.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಪರದೆಯನ್ನು ಮೂಲೆಯಿಂದ ಮೂಲೆಗೆ ಅಳೆಯುವ ರೂಢಿಯಿಂದಾಗಿ 100 ಅಂಗುಲವೆಂದರೆ ಎಲ್ಲವೂ ಒಂದೇ ಎಂದು ತೋರುತ್ತದೆ. ಆದರೆ 100 ಅಂಗುಲದ 4:3 ಪರದೆ 80 ಅಂಗುಲ ಅಗಲ, 60 ಅಂಗುಲ ಎತ್ತರ ಇರುತ್ತದೆ. 100 ಅಂಗುಲದ 16:9 ಪರದೆ ಸುಮಾರು 87 ಅಂಗುಲ ಅಗಲ, 49 ಅಂಗುಲ ಎತ್ತರ. ಹಳೆಯ ಕಾರ್ಯಕ್ರಮಗಳನ್ನು ಹೆಚ್ಚಾಗಿ ನೋಡುವವರು ಅದೇ ಅಂಗುಲದ ಅಗಲ ಪರದೆಗೆ ಬದಲಾದರೆ, ಅವರ ಪಾಲಿಗೆ ಚಿತ್ರ 82 ಅಂಗುಲಕ್ಕೆ ಕುಗ್ಗಿದಂತೆಯೇ. ಕೊಳ್ಳುವಾಗ ಎತ್ತರವನ್ನು ಕೇಳಿ ತಿಳಿದುಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಯಂತ್ರಗಳ ವಿಚಾರ. ನಾನು ಮೊದಲು ಬಳಸಿದ್ದು ಮೂರು ಪಿಕ್ಚರ್ ಟ್ಯೂಬುಗಳ ಹಿಂಬದಿ ಪ್ರೊಜೆಕ್ಷನ್ ಟಿವಿ. ಕಪಾಟಿನಂಥ ಪೆಟ್ಟಿಗೆಯ ತಳದಲ್ಲಿ ಕೆಂಪು, ಹಸಿರು, ನೀಲಿ ಬಣ್ಣಕ್ಕೆ ಒಂದೊಂದರಂತೆ ಮೂರು ಸಣ್ಣ ಟ್ಯೂಬುಗಳು, ಸಾಮಾನ್ಯವಾಗಿ ತಲಾ 7 ಅಂಗುಲದವು, ಸಾಲಾಗಿ ಕುಳಿತಿರುತ್ತವೆ; ಅವುಗಳ ಬೆಳಕು ಲೆನ್ಸ್ ದಾಟಿ, ಹಿಂಬದಿಯ ದೊಡ್ಡ ಕನ್ನಡಿಗೆ ಬಡಿದು, ಪರದೆಯ ಬೆನ್ನಿನ ಮೇಲೆ ಬೀಳುತ್ತದೆ. ಮೂರೂ ಟ್ಯೂಬುಗಳು ಪರದೆಯನ್ನು ಬೇರೆ ಬೇರೆ ಕೋನಗಳಿಂದ ನೋಡುವುದರಿಂದ ಮೂರು ಚಿತ್ರಗಳನ್ನೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡಿಸಬೇಕು. ಇದಕ್ಕೆ ಕನ್ವರ್ಜೆನ್ಸ್ ಎನ್ನುತ್ತಾರೆ. ಪರದೆಯ ತುಂಬ ಚೌಕುಳಿ ಗೆರೆಗಳನ್ನು ಮೂಡಿಸಿಕೊಂಡು, ಮೂಗು ತಾಗುವಷ್ಟು ಹತ್ತಿರ ನಿಂತು, ಬಿಳಿಯಾಗಿರಬೇಕಾದ ಗೆರೆಯ ಪಕ್ಕದಲ್ಲಿ ಇಣುಕುವ ಕೆಂಪು ಅಂಚನ್ನು ರಿಮೋಟಿನಿಂದ ಕೂದಲೆಳೆಯಷ್ಟು ಸರಿಸುತ್ತ ಹೋಗಬೇಕು; ಮಧ್ಯದಲ್ಲಿ ಸರಿಯಾಯಿತೆನ್ನುವಾಗ ಮೇಲಿನ ಮೂಲೆಯಲ್ಲಿ ನೀಲಿ ಹೊರಗೆ ಬಂದಿರುತ್ತದೆ. ಪೆಟ್ಟಿಗೆಯನ್ನು ಬೇರೆ ದಿಕ್ಕಿಗೆ ತಿರುಗಿಸಿಟ್ಟರೆ ಭೂಮಿಯ ಕಾಂತಕ್ಷೇತ್ರದ ಪ್ರಭಾವದಿಂದ ಆ ಹೊಂದಾಣಿಕೆ ಮತ್ತೆ ಕದಲುತ್ತದೆ. ಆ ಕೆಲಸಕ್ಕೆ ಎಷ್ಟೋ ಸಂಜೆಗಳನ್ನು ಕೊಟ್ಟಿದ್ದೇನೆ. ಕೊಟ್ಟದ್ದಕ್ಕೆ ಬೇಸರವಿಲ್ಲ, ಏಕೆಂದರೆ ಎಲ್ಲ ಕೂಡಿಬಂದ ದಿನ ಆ ಚಿತ್ರದಲ್ಲಿದ್ದ ಮಾರ್ದವ ಮುಂದಿನ ಯಂತ್ರಗಳಲ್ಲಿ ನನಗೆ ಬಹಳ ಕಾಲ ಸಿಗಲಿಲ್ಲ.

ಟ್ಯೂಬಿನ ದೊಡ್ಡ ಗುಣವೆಂದರೆ ಕಪ್ಪು. ಕಪ್ಪು ಬೇಕಾದ ಕಡೆ ಅದು ಬೆಳಕನ್ನೇ ಹುಟ್ಟಿಸುವುದಿಲ್ಲ, ಆದ್ದರಿಂದ ಪಟ್ಟಿಗಳು ಕಾಡಿಗೆಯಷ್ಟು ಕಪ್ಪಾಗಿರುತ್ತವೆ. ವಿಚಿತ್ರವೆಂದರೆ ಅದೇ ಗುಣ ಅದಕ್ಕೆ ಮುಳುವಾಯಿತು. ಬೆಳಗಿದಷ್ಟೂ ಟ್ಯೂಬಿನ ಒಳಗೆ ಬೆಳಕು ಸೂಸುವ ಫಾಸ್ಫರ್ ಲೇಪ ಸವೆಯುತ್ತದೆ. 16:9 ಟಿವಿಯಲ್ಲಿ ಸದಾ 4:3 ಕಾರ್ಯಕ್ರಮ ನೋಡಿದರೆ ನಡುಭಾಗ ಸವೆದು, ಪಟ್ಟಿಗಳ ಜಾಗ ಹೊಸದಾಗಿಯೇ ಉಳಿಯುತ್ತದೆ. ಆಮೇಲೆ ಅಗಲದ ಸಿನಿಮಾ ಹಾಕಿದಾಗ ಎಡಬಲಗಳಲ್ಲಿ ಎರಡು ಹೊಳಪಿನ ಕಂಬಗಳು ನಿಂತಂತೆ ಕಾಣುತ್ತದೆ. ನನ್ನ ಟಿವಿಯಲ್ಲಿ ಇದು ಆಗಿಯೇ ಆಯಿತು, ಹಿಮದ ದೃಶ್ಯ ಬಂದಾಗಲೆಲ್ಲ ಎದ್ದು ಕಾಣುತ್ತಿತ್ತು. ಈ ಭಯದಿಂದಲೇ ಹಲವು ತಯಾರಕರು ಪಕ್ಕದ ಪಟ್ಟಿಗಳನ್ನು ಬೂದು ಬಣ್ಣದಲ್ಲಿ ತೋರಿಸಿದರು, ಚಿತ್ರವನ್ನು ಎಳೆದು ಪರದೆ ತುಂಬಿಸುವ ಆಯ್ಕೆಗಳನ್ನೂ ಕೊಟ್ಟರು. ಎಳೆದ ಚಿತ್ರದಲ್ಲಿ ನಡುವೆ ನಿಂತವರ ಮುಖ ಸರಿಯಿದ್ದು, ಅವರು ಅಂಚಿನತ್ತ ನಡೆದಂತೆ ದಪ್ಪವಾಗುತ್ತ ಹೋಗುತ್ತಾರೆ. ಟ್ಯೂಬಿನ ಕಾಲ ಮುಗಿದು, ಸವೆತದ ಭಯ ಹೋದ ಮೇಲೂ ಜನ ಚಿತ್ರವನ್ನು ಹೀಗೆ ಎಳೆದೇ ನೋಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಛಾಯಾಗ್ರಾಹಕ ಚೌಕಟ್ಟಿನ ಒಂದೊಂದು ಅಂಚನ್ನೂ ಯೋಚಿಸಿಯೇ ಇಟ್ಟಿರುತ್ತಾನೆ.

ಟ್ಯೂಬಿನ ನಂತರ ಬಂದ ಮೂರೂ ಬಗೆಗಳಲ್ಲಿ ಬೆಳಕಿನ ಮೂಲ ಸದಾ ಉರಿಯುತ್ತಲೇ ಇರುತ್ತದೆ, ಬೇಡವಾದ ಕಡೆ ಅದನ್ನು ತಡೆಯಬೇಕಾಗುತ್ತದೆ. ಎಲ್‌ಸಿಡಿಯಲ್ಲಿ ಬಿಳಿ ಬೆಳಕನ್ನು ವಿಶೇಷ ಕನ್ನಡಿಗಳು ಮೂರು ಬಣ್ಣಗಳಾಗಿ ಸೀಳುತ್ತವೆ. ಪ್ರತಿ ಬಣ್ಣವೂ ತನ್ನದೇ ಪುಟ್ಟ ದ್ರವಸ್ಫಟಿಕ (ಲಿಕ್ವಿಡ್ ಕ್ರಿಸ್ಟಲ್) ಫಲಕವನ್ನು ತೂರಿಕೊಂಡು ಹೋಗಿ, ಪಟ್ಟಕವೊಂದರಲ್ಲಿ ಮತ್ತೆ ಸೇರಿ ಲೆನ್ಸಿಗೆ ಬರುತ್ತದೆ. ಮೂರು ಬಣ್ಣವೂ ಒಟ್ಟಿಗೇ ಪರದೆ ತಲುಪುವುದರಿಂದ ಬಣ್ಣಗಳು ತುಂಬಿಕೊಂಡು ಬೆಳಗುತ್ತವೆ. ಆದರೆ ಮುಚ್ಚಿದ ಫಲಕದಿಂದಲೂ ಒಂದಿಷ್ಟು ಬೆಳಕು ಸೋರುತ್ತದೆ, ಕಪ್ಪು ಪಟ್ಟಿಗಳು ಬೂದಿ ಬಳಿದಂತೆ ಕಾಣುತ್ತವೆ. ಇದನ್ನು ಮರೆಮಾಡಲು ಕತ್ತಲೆಯ ದೃಶ್ಯಗಳಲ್ಲಿ ಬೆಳಕಿನ ದಾರಿಯನ್ನೇ ಕಿರಿದಾಗಿಸುವ ಐರಿಸ್ ಒಂದನ್ನು ಇಡುತ್ತಾರೆ. ಅದು ಕೆಲಸ ಮಾಡುವಾಗ ಪಟ್ಟಿಗಳತ್ತ ದೃಷ್ಟಿ ಇಟ್ಟರೆ, ದೃಶ್ಯ ಬದಲಾದಂತೆಲ್ಲ ಅವು ಉಸಿರಾಡುವ ಹಾಗೆ ಒಮ್ಮೆ ತಿಳಿಯಾಗಿ ಒಮ್ಮೆ ಗಾಢವಾಗುವುದು ಕಾಣುತ್ತದೆ. ಜಾಹೀರಾತಿನ ಲಕ್ಷಾಂತರದ ಕಾಂಟ್ರಾಸ್ಟ್ ಅಂಕಿಗಳು ಎಷ್ಟೋ ಸಲ ಈ ಐರಿಸ್ ಮುಚ್ಚಿ ತೆರೆದು ಪಡೆದವು. ಒಂದೇ ದೃಶ್ಯದೊಳಗಿನ ಬಿಳುಪು ಕಪ್ಪುಗಳ ಅಂತರವನ್ನು ಅವು ಹೇಳುವುದಿಲ್ಲ.

ಡಿಎಲ್‌ಪಿ ತಂತ್ರಜ್ಞಾನ ನನಗೆ ಇಂದಿಗೂ ಬೆರಗು ತರಿಸುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ ಅವರು 1987ರಲ್ಲಿ ರೂಪಿಸಿದ ಚಿಪ್ ಇದರ ಜೀವಾಳ. ಬೆರಳ ತುದಿಯಷ್ಟು ಜಾಗದಲ್ಲಿ ಲಕ್ಷಾಂತರ ಕನ್ನಡಿಗಳು; ಒಂದೊಂದೂ ಸೆಕೆಂಡಿಗೆ ಸಾವಿರಾರು ಸಲ ಸುಮಾರು 12 ಡಿಗ್ರಿಯಷ್ಟು ಆಚೀಚೆ ಓಲಾಡಿ ಬೆಳಕನ್ನು ಲೆನ್ಸಿಗೋ ಪಕ್ಕಕ್ಕೋ ಕಳಿಸುತ್ತದೆ. ಕನ್ನಡಿ ಎಷ್ಟು ಹೊತ್ತು ಲೆನ್ಸಿನತ್ತ ಇತ್ತು ಎಂಬುದೇ ಆ ಪಿಕ್ಸೆಲಿನ ಹೊಳಪು. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದೇ ಚಿಪ್ ಇರುವುದರಿಂದ ಮೂರು ಚಿತ್ರಗಳನ್ನು ಹೊಂದಿಸುವ ರಗಳೆಯೇ ಇಲ್ಲ, ಅಕ್ಷರಗಳು ಕೆತ್ತಿದಂತೆ ಸ್ಪಷ್ಟವಾಗಿರುತ್ತವೆ. ಆದರೆ ಒಂದೇ ಚಿಪ್ ಮೂರು ಬಣ್ಣಗಳನ್ನು ಸರದಿಯಲ್ಲಿ ತೋರಿಸಬೇಕು, ಅದಕ್ಕಾಗಿ ಹಲವು ಯಂತ್ರಗಳಲ್ಲಿ ಬಣ್ಣದ ಚಕ್ರವೊಂದು ತಿರುಗುತ್ತಿರುತ್ತದೆ. ಇಂಥ ಪ್ರೊಜೆಕ್ಟರಿನ ಬೆಳಕಿಗೆ ಅಡ್ಡಲಾಗಿ ಬೆರಳುಗಳನ್ನು ಬಿಡಿಸಿ ವೇಗವಾಗಿ ಆಡಿಸಿದರೆ ನೆರಳಿನ ಅಂಚುಗಳು ಬೇರೆ ಬೇರೆ ಬಣ್ಣಗಳಾಗಿ ಒಡೆಯುವುದನ್ನು ಯಾರು ಬೇಕಾದರೂ ನೋಡಬಹುದು. ಕೆಲವರ ಕಣ್ಣಿಗೆ ಬೆರಳು ಆಡಿಸದೆಯೇ ಈ ಕಾಮನಬಿಲ್ಲು ಕಾಣುತ್ತದೆ. ನನಗೆ ಅಪರೂಪಕ್ಕೆ ಕಂಡರೆ, ನನ್ನ ತಂಗಿಗೆ ಹತ್ತು ನಿಮಿಷದಲ್ಲಿ ತಲೆ ಸಿಡಿಯತೊಡಗುತ್ತಿತ್ತು. ಅವಳಿಗೆ ಅದು ಅತಿ ಹೆಚ್ಚು ಕಾಣುತ್ತಿದ್ದದ್ದು ಎಲ್ಲಿ ಎಂದು ವಿಚಾರಿಸಿದಾಗ ತಿಳಿದದ್ದು: ಕೆಳಗಿನ ಕಪ್ಪು ಪಟ್ಟಿಯ ಮೇಲೆ ಬರುವ ಬಿಳಿ ಉಪಶೀರ್ಷಿಕೆಯಲ್ಲಿ. ನಟರ ಮುಖದಿಂದ ಅಕ್ಷರಕ್ಕೆ, ಅಕ್ಷರದಿಂದ ಮುಖಕ್ಕೆ ಕಣ್ಣು ಜಿಗಿಯುವಾಗ ಕಪ್ಪಿನ ಮೇಲಿನ ಬಿಳುಪು ಮೂರು ಬಣ್ಣವಾಗಿ ಚದುರುತ್ತಿತ್ತು.

ಎಲ್‌ಕಾಸ್ ಈ ಎರಡರ ನಡುವಿನದು. ಸಿಲಿಕಾನ್ ಮೇಲೆ ದ್ರವಸ್ಫಟಿಕದ ಪದರವಿಟ್ಟು, ಬೆಳಕನ್ನು ತೂರಿಸುವ ಬದಲು ಪ್ರತಿಫಲಿಸುವ ವಿಧಾನ. ಜೆವಿಸಿಯವರ ಡಿ-ಐಎಲ್‌ಎ, ಸೋನಿಯವರ ಎಸ್‌ಎಕ್ಸ್‌ಆರ್‌ಡಿ ಎರಡೂ ಇದೇ ಕುಲದವು. ವಿದ್ಯುತ್ ಮಂಡಲಗಳು ಪ್ರತಿಫಲಕದ ಅಡಿಯಲ್ಲಿ ಅಡಗಿರುವುದರಿಂದ ಪಿಕ್ಸೆಲುಗಳ ನಡುವಿನ ಸಂದು ಬಹಳ ತೆಳು. ಹಳೆಯ ಎಲ್‌ಸಿಡಿ ಚಿತ್ರಗಳಲ್ಲಿ ಸೊಳ್ಳೆಪರದೆಯ ಹಿಂದಿನಿಂದ ನೋಡಿದಂತಾಗುತ್ತಿದ್ದದ್ದು ಇಲ್ಲಿಲ್ಲ. ಇದನ್ನು ತಯಾರಿಸುವುದು ಸುಲಭವಲ್ಲ, ಇಂಟೆಲ್‌ನಂಥ ಸಂಸ್ಥೆಯೇ 2004ರಲ್ಲಿ ಘೋಷಿಸಿದ ಪ್ರಯತ್ನವನ್ನು ಅದೇ ವರ್ಷ ಕೈಬಿಟ್ಟಿತು. ಆದರೆ ಒಳ್ಳೆಯ ಎಲ್‌ಕಾಸ್ ಯಂತ್ರವೊಂದನ್ನು ಪೂರ್ತಿ ಕತ್ತಲೆಯ ಕೋಣೆಯಲ್ಲಿ ಮೊದಲ ಬಾರಿ ನೋಡಿದಾಗ, ಪರದೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತೆಂದು ತಿಳಿಯದೆ ನಾನು ಎದ್ದುಹೋಗಿ ಮುಟ್ಟಿ ನೋಡಿದ್ದುಂಟು.

ಗೆರೆಗಳ ಲೆಕ್ಕಕ್ಕೂ ಇದೇ ನಂಟು. ಟ್ಯೂಬುಗಳು ಒಂದು ಸಲ ಬೆಸ ಗೆರೆ, ಇನ್ನೊಂದು ಸಲ ಸಮ ಗೆರೆ ಎಂದು ಬರುವ 576ಐ, 1080ಐ ಸಂಕೇತಗಳನ್ನು ಬಂದ ಹಾಗೆಯೇ ಬರೆಯಬಲ್ಲವು. ಉಳಿದ ಮೂರಕ್ಕೆ ಪಿಕ್ಸೆಲುಗಳ ಸಂಖ್ಯೆ ಸ್ಥಿರ; ಅವು ಮೊದಲು ಆ ಗೆರೆಗಳನ್ನು ಹೆಣೆದು, ಆಮೇಲೆ ತಮ್ಮ ಅಳತೆಗೆ ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಈ ಹೆಣೆಯುವ ಕೆಲಸ ಕಳಪೆಯಾಗಿದ್ದರೆ ಓಡುವವರ ಅಂಚುಗಳಲ್ಲಿ ಬಾಚಣಿಗೆಯ ಹಲ್ಲುಗಳು ಮೂಡುತ್ತವೆ. ಪೆಟ್ಟಿಗೆಯ ಮೇಲಿನ 4ಕೆ ಎಂಬ ಮಾತನ್ನೂ ಬಿಡಿಸಿ ನೋಡಬೇಕು. 3840×2160 ಎಂದರೆ 83 ಲಕ್ಷ ಪಿಕ್ಸೆಲುಗಳು, ಆದರೆ ಹಲವು ಡಿಎಲ್‌ಪಿ ಯಂತ್ರಗಳಲ್ಲಿ 1920×1080 ಕನ್ನಡಿಗಳೇ ಇದ್ದು, ಚಿತ್ರವನ್ನು ಅತಿವೇಗದಲ್ಲಿ ನಾಲ್ಕು ಕಡೆ ಸರಿಸಿ ಆ ಸಂಖ್ಯೆಯನ್ನು ತುಂಬುತ್ತವೆ. ಫಲಿತಾಂಶ ಚೆನ್ನಾಗಿಯೇ ಇರುತ್ತದೆ, ತಿಳಿದು ಕೊಳ್ಳಬೇಕಷ್ಟೆ.

ಡಿವಿಡಿಗಳು ಇನ್ನೂ ಇರುವವರಿಗೆ ಒಂದು ಮಾತು. ಅಗಲದ ಚಿತ್ರವನ್ನು ಕಪ್ಪು ಪಟ್ಟಿಗಳ ಸಮೇತ 4:3 ಚೌಕಟ್ಟಿನಲ್ಲಿ ಅಚ್ಚು ಹಾಕಿದ ಡಿವಿಡಿಯಲ್ಲಿ 576 ಗೆರೆಗಳ ಪೈಕಿ 16:9 ಚಿತ್ರಕ್ಕೆ ಸಿಗುವುದು 432 ಮಾತ್ರ, ಉಳಿದವು ಪಟ್ಟಿಗಳ ಪಾಲು. ಅನಮಾರ್ಫಿಕ್ ಡಿವಿಡಿಯಲ್ಲಿ 576ನ್ನೂ ಚಿತ್ರಕ್ಕೇ ಬಳಸಿ, ನೋಡುವಾಗ ಅಗಲಿಸುತ್ತಾರೆ. ಪ್ಲೇಯರಿನ ಸೆಟ್ಟಿಂಗಿನಲ್ಲಿ ಟಿವಿಯ ಆಕಾರ 4:3 ಎಂದೇ ಉಳಿದುಬಿಟ್ಟಿದ್ದರೆ ಈ ಲಾಭವೆಲ್ಲ ಹೋಗುತ್ತದೆ, ಆದ್ದರಿಂದ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ಪರದೆಯನ್ನೇ 2.35ರ ಅಗಲಕ್ಕೆ ಮಾಡಿಸಿಕೊಂಡರೆ ಹೇಗೆ ಎಂದು ಕೇಳುವವರಿದ್ದಾರೆ. ಲೆನ್ಸನ್ನು ಜೂಮ್ ಮಾಡಿ ಚಿತ್ರವನ್ನು ಅದರ ಅಗಲಕ್ಕೆ ಹಿಗ್ಗಿಸಿದಾಗ ಕಪ್ಪು ಪಟ್ಟಿಗಳು ಪರದೆ ದಾಟಿ ಮೇಲಿನ ಕೆಳಗಿನ ಗೋಡೆಯ ಮೇಲೆ ಬೀಳುತ್ತವೆ. ಎಲ್‌ಕಾಸ್ ಆದರೆ ಅವು ಕಾಣುವುದೇ ಇಲ್ಲವೆನ್ನಬಹುದು. ಸಾಧಾರಣ ಎಲ್‌ಸಿಡಿ ಆದರೆ ಗೋಡೆಯ ಮೇಲೆ ಮಬ್ಬು ಬೆಳಕು ಸದಾ ತೇಲುತ್ತಿರುತ್ತದೆ. ಜೊತೆಗೆ, ಅಷ್ಟೇ ಬೆಳಕು ಸುಮಾರು 1.8 ಪಟ್ಟು ಜಾಗಕ್ಕೆ ಹರಡುವುದರಿಂದ ಚಿತ್ರದ ಹೊಳಪು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಚಿತ್ರವನ್ನು ಅಡ್ಡಕ್ಕೆ ಮಾತ್ರ ಅಗಲಿಸುವ ಅನಮಾರ್ಫಿಕ್ ಲೆನ್ಸ್ ಹಾಕಿದರೆ ಫಲಕದ ಎಲ್ಲ ಪಿಕ್ಸೆಲುಗಳೂ ಬೆಳಕೂ ಚಿತ್ರಕ್ಕೇ ಬರುತ್ತವೆ, ಆದರೆ ಅದು ದುಬಾರಿ ಮತ್ತು ನಾಜೂಕಿನ ವಸ್ತು. ಸಿನಿಮಾವನ್ನೇ ಹೆಚ್ಚಾಗಿ ನೋಡುವವರು, ಕೋಣೆಯನ್ನು ಸಂಪೂರ್ಣ ಕತ್ತಲಾಗಿಸಬಲ್ಲವರು ಮಾತ್ರ ಈ ದಾರಿ ಹಿಡಿಯುವುದು ಲೇಸು.

ಹಿಂಬದಿ ಪ್ರೊಜೆಕ್ಷನ್ ಟಿವಿಗಳು ಈಗ ಅಂಗಡಿಗಳಲ್ಲಿಲ್ಲ. ಕೊನೆಯವರೆಗೂ ಅವನ್ನು ತಯಾರಿಸಿದ ಮಿತ್ಸುಬಿಷಿ 2012ರ ಕೊನೆಯಲ್ಲಿ ನಿಲ್ಲಿಸಿತು. ಇಂದು ಕೊಳ್ಳುವವರು ನೋಡುವುದು ಪ್ರೊಜೆಕ್ಟರುಗಳನ್ನು, ಅವುಗಳಲ್ಲಿ ಕೋಣೆಯ ಬೆಳಕು ಎಲ್ಲ ಬಗೆಗಳ ಅಂತರವನ್ನೂ ಅಳಿಸಿಹಾಕಬಲ್ಲದು. ಬಿಳಿ ಪರದೆಯ ಮೇಲೆ ಪ್ರೊಜೆಕ್ಟರ್ ಕಪ್ಪನ್ನು ಚೆಲ್ಲಲಾರದು. ಕೋಣೆಯ ದೀಪ ಉರಿಯುವಾಗ ಪರದೆ ಎಷ್ಟು ಬೆಳ್ಳಗಿರುತ್ತದೋ ಅದೇ ಅದರ ಅತಿ ಗಾಢ ಕಪ್ಪು. ಹಗಲಲ್ಲಿ ಪಂದ್ಯ ನೋಡಲು ಕೊಳ್ಳುವವರು ಎಲ್‌ಕಾಸ್‌ಗೆ ಹಣ ಸುರಿಯಬೇಕಿಲ್ಲ.

ಪರೀಕ್ಷಿಸುವ ವಿಧಾನ ಇಷ್ಟೇ: 2.39ರ ಸಿನಿಮಾವೊಂದರ ರಾತ್ರಿಯ ದೃಶ್ಯವನ್ನು ಉಪಶೀರ್ಷಿಕೆ ಸಮೇತ ಹಾಕಿಸಿ, ದೀಪಗಳನ್ನೆಲ್ಲ ಆರಿಸಿ, ಕಣ್ಣು ಕತ್ತಲೆಗೆ ಒಗ್ಗಲು ಹತ್ತು ನಿಮಿಷ ಬಿಟ್ಟು, ಚಿತ್ರದ ಬದಲು ಪಟ್ಟಿಗಳನ್ನು ನೋಡಬೇಕು. ನಾನೂ ತಂಗಿಯೂ ಒಂದೇ ದಿನ ಹೀಗೆ ನೋಡಿ ಆರಿಸಿದೆವು. ಅವಳು ಕಾಮನಬಿಲ್ಲಿನ ಕಾಟವಿಲ್ಲದ ಎಲ್‌ಸಿಡಿ ಕೊಂಡಳು. ನಾನು ಎಲ್‌ಕಾಸ್ ಕೊಂಡು, 16:9 ಪರದೆಯನ್ನೇ ಇಟ್ಟುಕೊಂಡು, ಅಗಲದ ಸಿನಿಮಾ ಹಾಕುವ ದಿನ ಮೇಲೆ ಕೆಳಗೆ ಸಿಕ್ಕಿಸಲು ಕಪ್ಪು ಮಖಮಲ್ ಬಟ್ಟೆ ಹೊದಿಸಿದ ಎರಡು ಹಲಗೆಗಳನ್ನು ಮಾಡಿಕೊಂಡಿದ್ದೇನೆ. ಅವಳ ಪರದೆಗೂ ಅಂಥ ಎರಡು ಹಲಗೆ ಮಾಡಿಕೊಟ್ಟೆ, ಬೂದು ಪಟ್ಟಿಗಳು ಮರೆಯಾದ ಮೇಲೆ ಅವಳ ಚಿತ್ರವೂ ಗಾಢವಾದಂತೆ ನಮ್ಮಿಬ್ಬರಿಗೂ ಕಂಡಿತು.